ಸುಹೃತ್ಸಂಮಿತವಾದ ಇತಿಹಾಸವೂ ಲೇಖಕನ ಜೀವನೋಪಾಯವೂ

೧

ಇತಿಹಾಸವೆಂಬ ಶಬ್ದವನ್ನು ನಮ್ಮ ಪೂರ್ವಿಕರು ‘ಇತಿ ಹ ಆಸ’ ಎಂದು ಬಿಡಿಸಿ, ‘ಹೀಗೆಯೇ ಇದ್ದಿತಷ್ಟೆ’ ಎಂದು ಅರ್ಥವನ್ನು ಹೇಳಿರುವರು. ಹೀಗೆ ಇದ್ದುದನ್ನು ಹೇಳುವ ಕಾರ್ಯವು ಈಗ ಎರಡು ಬಗೆಯ ಜನರ ಕೈಯಲ್ಲಿದೆ. ಶಾಸನಗಳನ್ನೋದಿ, ನಾಣ್ಯಗಳನ್ನು ಪರೀಕ್ಷಿಸಿ, ಓಲೆಯ ಪ್ರತಿಗಳನ್ನು ಒಂದರೊಡನೊಂದನ್ನು ಹೋಲಿಸಿ ನೋಡಿ, ವಿಶ್ವವಿದ್ಯಾನಿಲಯದಿಂದಲೋ ಸರ್ಕಾರದ ಇಲಾಖೆಯಿಂದಲೋ ಸಂಬಳವನ್ನು ಪಡೆದು ಸಂಶೋಧನೆ ಮಾಡುವವರು ಒಂದು ಬಗೆ. ಯಾವ ಪದವಿಯ ಆಶ್ರಯವೂ ಇಲ್ಲದೆ, ಸಾಮಾನ್ಯವಾಚಕರಿಗಾಗಿ ಇತಿಹಾಸವನ್ನು ಕಥನರೂಪದಲ್ಲಿ ಬರೆದು, ಆ ಬರವಣಿಗೆಯಿಂದ ಬಂದುದರಲ್ಲಿಯೇ ಸಂಸಾರವನ್ನು ಸಾಗಿಸುವವರು ಇನ್ನೊಂದು ಬಗೆ. ಮೊದಲನೆಯವರು ಎರಡನೆಯವರನ್ನು ‘ಹೊಟ್ಟೆಯ ಪಾಡಿಗಾಗಿ ಇತಿಹಾಸವನ್ನು ಮಾರುವವರು’ ಎನ್ನುವರು. ಎರಡನೆಯವರು ಮೊದಲನೆಯವರನ್ನು ‘ಯಾರೂ ಓದದ ಗ್ರಂಥಗಳನ್ನು ಬರೆಯುವವರು’ ಎನ್ನುವರು.

ಈ ಎರಡು ಆಕ್ಷೇಪಗಳ ಬಲಾಬಲವನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಇದು ಬರಿಯ ವಾಗ್ವಾದದ ವಿಷಯವಲ್ಲ. ಒಂದು ನಾಡಿನ ಜನರು ತಮ್ಮ ಪೂರ್ವಕಾಲವನ್ನು ಕುರಿತು ಏನನ್ನು ನಂಬುವರೋ ಅದರಲ್ಲಿ ಬಹುಭಾಗವು ಅವರಿಗೆ ಬಂದಿರುವುದು ಇಂತಹ ಪತ್ರಿಕೆಗಳ ಪುಟಗಳಿಂದಲ್ಲ, ಎರಡನೆಯ ಬಗೆಯವರ ಪುಸ್ತಕಗಳಿಂದ. ಅಲ್ಲದೆ ಇತಿಹಾಸದಲ್ಲಿ ಶ್ರದ್ಧೆಯುಳ್ಳ ತರುಣರೆಲ್ಲರಿಗೂ ಅಧ್ಯಾಪಕಪದವಿ ದೊರೆಯುವಂತಿಲ್ಲ. ಅಂಥವರು ‘ಬರೆದೇ ಬದುಕಬಹುದೆ? ಬದುಕಿದರೆ ಬರೆದುದು ಕೆಡುವುದೆ?’ ಎಂದು ಕೇಳಿದಾಗ ವಿದ್ವಾಂಸರಾದವರು ಉತ್ತರವನ್ನು ಕೊಡಲೇಬೇಕು.

ಅಲಂಕಾರಶಾಸ್ತ್ರದ ಪರಿಚಯವುಳ್ಳ ವಾಚಕರಿಗೆ ಮಮ್ಮಟನ ಒಂದು ವಿಭಾಗವು ನೆನಪಿರಬಹುದು. ಕಾವ್ಯಪ್ರಕಾಶದ ಆದಿಯಲ್ಲಿ ಆತನು ಉಪದೇಶದ ಬಗೆಗಳನ್ನು ಮೂರಾಗಿ ವಿಂಗಡಿಸುತ್ತಾನೆ. ವೇದಾದಿ ಶಾಸ್ತ್ರಗಳು ಪ್ರಭುವಿನಂತೆ ಆಜ್ಞಾಪಿಸುವುವು; ಪುರಾಣೇತಿಹಾಸಗಳು ಮಿತ್ರನಂತೆ ತಿಳಿಯಹೇಳುವುವು; ಕಾವ್ಯವು ಕಾಂತೆಯಂತೆ ರಸದಿಂದ ಒಲಿಸಿಕೊಂಡು ಹೇಳುವುದು. ಇವಕ್ಕೆ ಕ್ರಮವಾಗಿ ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತಗಳೆಂದು ಹೆಸರು. ಅಲ್ಲಿಯೇ ಕಾವ್ಯದ ಪ್ರಯೋಜನಗಳನ್ನೆಣಿಸುವಾಗ ಯಶಸ್ಸಿನ ಅನಂತರದಲ್ಲಿಯೇ ಅರ್ಥವನ್ನು, ಎಂದರೆ ಧನಲಾಭವನ್ನು, ಆತನು ಸಂಕೋಚವಿಲ್ಲದೆ ಎಣಿಸಿರುವನು. ಆದುದರಿಂದ ಬರೆದು ಹಣವನ್ನು ಪಡೆಯುವುದೇ ದೋಷವೆಂಬ ಪೂರ್ವಪಕ್ಷಕ್ಕೆ ನಮ್ಮ ಶಾಸ್ತ್ರದ ಬೆಂಬಲವಿಲ್ಲ. ವಿಚಾರಿಸಬೇಕಾದ ಪ್ರಶ್ನೆ ಬೇರೆಯಾಗಿದೆ. ಹಣವನ್ನು ಕೊಡುವವನು ಯಾರು? ಆ ಹಣವು ಮಿತ್ರನ ಮಾತಾಗಿರಬೇಕಾದ ಇತಿಹಾಸವನ್ನು ಭೃತ್ಯನ ಮಾತನ್ನಾಗಿಯೋ ನಟನ ಮಾತನ್ನಾಗಿಯೋ ಮಾಡುತ್ತದೆಯೆ? ಹಾಗಾಗದಂತೆ ಲೇಖಕನು ಕಾಪಾಡಿಕೊಳ್ಳುವ ಬಗೆ ಯಾವುದು?

೨

ಮೊದಲು ಬಿಲ್ಹಣನನ್ನು ನೋಡೋಣ. ಕಾಶ್ಮೀರದಲ್ಲಿ ಹುಟ್ಟಿದ ಈ ಕವಿಯು ಕಲಶರಾಜನ ಕಾಲದಲ್ಲಿ ಸ್ವದೇಶವನ್ನು ಬಿಟ್ಟು, ಮಥುರೆ, ಕನ್ಯಾಕುಬ್ಜ, ಪ್ರಯಾಗ, ಕಾಶಿಗಳನ್ನು ಕಂಡು, ಡಾಹಲದ ಕರ್ಣನ ಆಸ್ಥಾನದಲ್ಲಿದ್ದು, ಸೋಮನಾಥವನ್ನು ಸಂದರ್ಶಿಸಿ, ಕಡೆಗೆ ನಮ್ಮ ಕಲ್ಯಾಣಕ್ಕೆ ಬಂದು, ಚಾಳುಕ್ಯ ಆರನೆಯ ವಿಕ್ರಮಾದಿತ್ಯನಿಂದ (೧೦೭೬–೧೧೨೬) ವಿದ್ಯಾಪತಿಯೆಂಬ ಪದವಿಯನ್ನು ಪಡೆದನು. ಈ ಸಂಗತಿಗಳನ್ನು ಆತನೇ ವಿಕ್ರಮಾಂಕದೇವಚರಿತದ ಹದಿನೆಂಟನೆಯ ಸರ್ಗದಲ್ಲಿ ಹೇಳಿಕೊಂಡಿರುವನು. ವಿದ್ಯೆಯೊಂದನ್ನೇ ಬಂಡವಾಳವಾಗಿ ಹೊತ್ತು ಊರೂರು ತಿರುಗಿ, ಕೊಳ್ಳುವವನನ್ನು ಹುಡುಕಿಕೊಂಡ ಈತನನ್ನು ಸ್ವತಂತ್ರವೃತ್ತಿಯ ಚರಿತ್ರಲೇಖಕರ ಪೂರ್ವಜನೆಂದರೆ ತಪ್ಪಾಗದು.

ಈತನ ಗ್ರಂಥವು ಜೈಸಲ್ಮೇರಿನ ಭಂಡಾರದಲ್ಲಿ ಬ್ಯೂಲರ್ ಪಂಡಿತರಿಗೆ ೧೮೭೪ರಲ್ಲಿ ದೊರೆತು, ಮರುವರ್ಷ ಅಚ್ಚಾಯಿತು. ಕನ್ನಡನಾಡಿನ ಇತಿಹಾಸಕ್ಕೆ ಇದರಿಂದಾದ ಉಪಕಾರವು ಅಲ್ಪವಲ್ಲ. ವಿಕ್ರಮನ ತಂದೆಯಾದ ಆಹವಮಲ್ಲ ಸೋಮೇಶ್ವರನು ವ್ಯಾಧಿಪೀಡಿತನಾಗಿ ತುಂಗಭದ್ರೆಯಲ್ಲಿ ಮುಳುಗಿ ದೇಹವನ್ನು ಬಿಟ್ಟನೆಂದು ಬಿಲ್ಹಣನು ವರ್ಣಿಸಿರುವನು. ೧೦೬೮ರಲ್ಲಿ ಕುರುವತ್ತಿಯಲ್ಲಿ ಹಾಗಾಯಿತೆಂಬುದಕ್ಕೆ ಶಾಸನದ ಆಧಾರವೂ ಇದೆ. ಆಸ್ಥಾನದಲ್ಲಿ ಕೇಳಿದ ವಿಷಯವನ್ನು ಕವಿಯು ಇಲ್ಲಿ ಯಥಾರ್ಥವಾಗಿ ಹೇಳಿರುವನು.

ಆದರೆ ಅನ್ನದಾತನ ಹಿತವು ಅಡ್ಡಬಂದಲ್ಲಿ ಏನಾಯಿತೆಂಬುದನ್ನು ನೋಡಬೇಕು. ವಿಕ್ರಮನು ಅಣ್ಣನಾದ ಎರಡನೆಯ ಸೋಮೇಶ್ವರನನ್ನು ಸೋಲಿಸಿ, ಸೆರೆಯಲ್ಲಿಟ್ಟು, ಸಿಂಹಾಸನವನ್ನೇರಿದನು. ಇದು ರಾಜ್ಯಾಪಹರಣವೆಂಬುದನ್ನು ಬಿಲ್ಹಣನು ಹೇಳಲಾರನು. ಹೇಳದೆ ಬಿಡಲೂ ಆರನು, ಏಕೆಂದರೆ ಎಲ್ಲರೂ ಬಲ್ಲ ಸಂಗತಿ. ಆದುದರಿಂದ ಶಿವನನ್ನು ಕರೆತಂದಿರುವನು. ಅಣ್ಣನೊಡನೆ ಕಾದಲು ಮನವೊಪ್ಪದ ವಿಕ್ರಮನಿಗೆ ಶಿವನು ಕನಸಿನಲ್ಲಿ ಆಜ್ಞೆ ಮಾಡುತ್ತಾನೆ. ಗೆದ್ದ ಮೇಲೆ ಅಣ್ಣನನ್ನು ಬಿಟ್ಟುಬಿಡಬೇಕೆಂದು ಬಗೆದರೆ ಮತ್ತೊಮ್ಮೆ ಬಂದು ತಡೆಯುತ್ತಾನೆ. ಗ್ರಂಥದಲ್ಲಿ ಕಾಲನಿರ್ದೇಶವೂ ಇಲ್ಲ. ಘಟನೆಗಳು ಯಾವಾಗ ನಡೆದವೆಂಬುದನ್ನು ಶಾಸನಗಳಿಂದಲೇ ತಿಳಿಯಬೇಕು. ಕಾವ್ಯವೆಂದು ನೋಡಿದರೆ ಇದು ದೋಷವಲ್ಲ. ಚರಿತವೆಂದು ಹೆಸರಿಟ್ಟುಕೊಂಡ ಗ್ರಂಥದಲ್ಲಿ ಮಾತ್ರ ಮಿತ್ರನ ಸ್ಥಾನಕ್ಕೆ ಭೃತ್ಯನು ಬಂದು ಕುಳಿತಿರುವನೆಂದು ಹೇಳಬೇಕಾಗುತ್ತದೆ.

೩

ಇದೇ ಕಾಶ್ಮೀರದಲ್ಲಿ ಹುಟ್ಟಿದ ಕಲ್ಹಣನ ಮಾರ್ಗವು ಬೇರೆ. ಈತನ ತಂದೆಯಾದ ಚಂಪಕನು ಹರ್ಷರಾಜನ (೧೦೮೯–೧೧೦೧) ಅಮಾತ್ಯರಲ್ಲೊಬ್ಬನು. ಮಗನಿಗೆ ಆಸ್ಥಾನಪದವಿಯಿದ್ದಂತೆ ಕಾಣಬರುವುದಿಲ್ಲ. ೧೧೪೮ರಲ್ಲಿ ಆರಂಭಿಸಿ ೧೧೫೦ರೊಳಗೆ ಮುಗಿಸಿದ ರಾಜತರಂಗಿಣಿಯ ಎಂಟು ತರಂಗಗಳನ್ನು ಈತನು ಒಬ್ಬ ದೊರೆಯ ಅಪ್ಪಣೆಯಿಂದ ಬರೆದುದಲ್ಲ. ಹರ್ಷನು ತನ್ನ ತಂದೆಗೆ ಅನ್ನವಿಟ್ಟ ದೊರೆಯಾಗಿದ್ದರೂ, ದೇವಾಲಯಗಳನ್ನು ಸೂರೆಮಾಡಿ ವಿಗ್ರಹಗಳನ್ನು ಕೀಳಿಸಲು ಅಧಿಕಾರಿಯೊಬ್ಬನನ್ನೇ ನೇಮಿಸಿದ ಆತನ ದುಷ್ಕೃತ್ಯಗಳನ್ನು ಮರೆಮಾಡದೆ ಹೇಳಿರುವನು. ಅದೇ ಹರ್ಷನ ದುರ್ಮರಣವನ್ನು ಕರುಣೆಯಿಂದ ವರ್ಣಿಸಿರುವನು. ನಡೆದುದನ್ನು ಹೇಳುವವನು ರಾಗದ್ವೇಷಗಳನ್ನು ಬಿಟ್ಟು ನ್ಯಾಯಾಧಿಪತಿಯಂತಿರಬೇಕೆಂಬುದು ಆತನ ನಿಲುವು.

ಪ್ರಕೃತಕ್ಕೆ ಹೆಚ್ಚು ಸಂಬಂಧಪಡುವ ಭಾಗವೆಂದರೆ ಮೊದಲನೆಯ ತರಂಗದ ಆದಿಯಲ್ಲಿ ಆತನು ಹಿಂದಿನ ಚರಿತ್ರಕಾರರನ್ನು ಕುರಿತು ಮಾಡಿರುವ ವಿಮರ್ಶೆ. ಹಿಂದಿನ ಹನ್ನೊಂದು ಗ್ರಂಥಗಳನ್ನೂ ನೀಲಮತವನ್ನೂ ನೋಡಿದೆನೆಂದೂ, ಪ್ರತಿಷ್ಠಾಶಾಸನ ದಾನಶಾಸನಗಳನ್ನೂ ಪ್ರಶಸ್ತಿಗಳನ್ನೂ ಪರಿಶೀಲಿಸಿ ಸಂದೇಹಗಳನ್ನು ಕಳೆದುಕೊಂಡೆನೆಂದೂ ಹೇಳಿ, ಆತನು ಇಬ್ಬರ ಮೇಲೆ ಮುಖ್ಯವಾದ ಎರಡು ದೋಷಗಳನ್ನು ಹೊರಿಸುತ್ತಾನೆ. ಕ್ಷೇಮೇಂದ್ರನ ನೃಪಾವಲಿಯು ಕವಿಕೃತಿಯಾಗಿ ಚೆನ್ನಾಗಿದ್ದರೂ ಲೇಖಕನ ಅನವಧಾನದಿಂದ ಅದರಲ್ಲಿ ತಪ್ಪಿಲ್ಲದ ಭಾಗವೇ ಇಲ್ಲ. ಸುವ್ರತನೆಂಬವನು ಹಿಂದಿನ ವಿಸ್ತಾರವಾದ ರಾಜಕಥೆಗಳನ್ನು ಜನರು ನೆನಪಿನಲ್ಲಿಟ್ಟುಕೊಳ್ಳಲೆಂದು ಸಂಗ್ರಹಿಸಿ ಬರೆದನು. ಆ ಸಂಗ್ರಹವು ಪ್ರಸಿದ್ಧವಾದುದರಿಂದ ಮೂಲಗ್ರಂಥಗಳೇ ಲುಪ್ತವಾದುವು.

ಜನಪ್ರಿಯ ಇತಿಹಾಸದ ಮೇಲೆ ಇದಕ್ಕಿಂತ ಗಂಭೀರವಾದ ಆಕ್ಷೇಪವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಸಂಗ್ರಹವು ಸುಳ್ಳಾಗಿರಬೇಕಾಗಿಲ್ಲ, ಸುಲಭವಾಗಿದ್ದರೆ ಸಾಕು, ಮೂಲವನ್ನು ನುಂಗಿಬಿಡುತ್ತದೆ. ಅಚ್ಚಿನ ಕಾಲದಲ್ಲಿ ಮೂಲವು ನಾಶವಾಗದೆ ಕಪಾಟಿನಲ್ಲಿ ಉಳಿಯಬಹುದು. ಆದರೆ ತೆರೆದು ನೋಡುವವರಿಲ್ಲದ ಗ್ರಂಥಕ್ಕೂ ಲುಪ್ತವಾದ ಗ್ರಂಥಕ್ಕೂ ಹೆಚ್ಚು ಭೇದವಿಲ್ಲ. ಕಲ್ಹಣನು ಮಾತ್ರ ತಾನು ಯಾವ ಯಾವ ಗ್ರಂಥದಿಂದ ಏನನ್ನು ತೆಗೆದುಕೊಂಡೆನೆಂಬುದನ್ನು ಹೆಸರಿಟ್ಟು ಹೇಳಿದ್ದರಿಂದ, ಕಳೆದುಹೋದ ಗ್ರಂಥಗಳ ಸುಳಿವಾದರೂ ನಮಗೆ ಉಳಿದಿದೆ. ಆತನ ಮೊದಲ ಮೂರು ತರಂಗಗಳಲ್ಲಿ ನಂಬತಕ್ಕದ್ದಲ್ಲದ ಸಂಗತಿಗಳು ಉಂಟು. ರಣಾದಿತ್ಯನೊಬ್ಬನಿಗೇ ಮುನ್ನೂರು ವರ್ಷಗಳ ಆಳ್ವಿಕೆಯನ್ನು ಕೊಟ್ಟಿರುವನು. ಆದರೂ ಆಧಾರವು ಎದುರಿಗಿರುವುದರಿಂದ ಆ ದೋಷವನ್ನು ವಾಚಕನೇ ಅಳೆಯಬಲ್ಲನು.

ಬಿಲ್ಹಣನ ವಿಷಯವನ್ನೂ ಕಲ್ಹಣನು ಬಿಟ್ಟಿಲ್ಲ. ಕರ್ಣಾಟಾಧಿಪತಿಯಿಂದ ವಿದ್ಯಾಪತಿಯಾಗಿ, ಆನೆಯ ಮೇಲೆ ಕೊಡೆಯನ್ನೆತ್ತಿಸಿಕೊಂಡು ನಡೆದ ಆ ಕವಿಯು, ಸ್ವದೇಶದಲ್ಲಿ ಹರ್ಷನು ಕವಿಗಳಿಗೆ ತೋರುತ್ತಿದ್ದ ಔದಾರ್ಯವನ್ನು ಕೇಳಿ, ತನ್ನ ವೈಭವವೆಲ್ಲ ವಂಚನೆಯೆಂದು ಬಗೆದನೆಂದು ಏಳನೆಯ ತರಂಗದಲ್ಲಿ ಹೇಳಿರುವನು. ಪದವಿಯನ್ನು ಪಡೆದ ಲೇಖಕನ ಕಥೆಯನ್ನು ಪದವಿಯಿಲ್ಲದ ಲೇಖಕನು ಎರಡು ಮೂರು ಶ್ಲೋಕಗಳಲ್ಲಿ ಮುಗಿಸಿರುವ ಪರಿಯು ಗಮನಾರ್ಹವಾಗಿದೆ.

೪

ಅಚ್ಚಿನ ಯಂತ್ರವೂ ಪುಸ್ತಕವ್ಯಾಪಾರವೂ ಬೆಳೆದ ಮೇಲೆ ದೊರೆಯ ಸ್ಥಾನಕ್ಕೆ ವಾಚಕಸಮೂಹವು ಬಂದಿತು. ಇದರ ಫಲವನ್ನು ಇಂಗ್ಲೆಂಡಿನಲ್ಲಿ ಸ್ಪಷ್ಟವಾಗಿ ನೋಡಬಹುದು. ಡೇವಿಡ್ ಹ್ಯೂಮನ ಇಂಗ್ಲೆಂಡಿನ ಇತಿಹಾಸದ ಮೊದಲ ಸಂಪುಟವು ೧೭೫೪ರಲ್ಲಿ ಪ್ರಕಟವಾಗಿ ಹನ್ನೆರಡು ತಿಂಗಳಲ್ಲಿ ನಾಲ್ವತ್ತೈದು ಪ್ರತಿಗಳು ಮಾತ್ರ ಮಾರಾಟವಾದುವೆಂದು ಆತನು ತನ್ನ ಸಂಕ್ಷಿಪ್ತವಾದ ಆತ್ಮಕಥೆಯಲ್ಲಿ ತಿಳಿಸಿರುವನು. ಆದರೂ ಕೈಬಿಡದೆ ೧೭೬೨ರೊಳಗೆ ಆರು ಸಂಪುಟಗಳನ್ನು ಮುಗಿಸಿದನು; ಅವುಗಳ ಆದಾಯದಿಂದ ಯಾರ ಹಂಗೂ ಇಲ್ಲದವನಾದನು. ಈ ವೃತ್ತಿಯಲ್ಲಿ ಮೊದಲ ಗ್ರಂಥವು ಅನ್ನವಿಡುವುದಿಲ್ಲ, ಗ್ರಂಥಪರಂಪರೆಯು ಅನ್ನವಿಡುತ್ತದೆ ಎಂಬುದಕ್ಕೆ ಇದು ನಿದರ್ಶನ.

ಮೆಕಾಲೆಯ ವೃತ್ತಾಂತವು ನಮ್ಮ ದೇಶಕ್ಕೂ ಸಂಬಂಧಿಸಿದುದು. ಆತನು ೧೮೩೪ರಿಂದ ೧೮೩೮ರ ವರೆಗೆ ಭಾರತದಲ್ಲಿ ಶಾಸನಸದಸ್ಯನಾಗಿ ವರ್ಷಕ್ಕೆ ಹತ್ತು ಸಾವಿರ ಪೌಂಡುಗಳ ಸಂಬಳವನ್ನು ಪಡೆದನು. ಸಂಸ್ಕೃತಗ್ರಂಥಗಳಲ್ಲಿರುವ ಇತಿಹಾಸಜ್ಞಾನವೆಲ್ಲ ಇಂಗ್ಲೆಂಡಿನ ಮಕ್ಕಳ ಶಾಲೆಗಳ ಸಂಗ್ರಹಪುಸ್ತಕಗಳಿಗೂ ಸಮವಲ್ಲವೆಂದು ೧೮೩೫ರಲ್ಲಿ ಬರೆದವನು ಆತನೇ. ಆ ಸಂಬಳದ ಉಳಿತಾಯವೇ ಆತನಿಗೆ ಮುಂದೆ ಉದ್ಯೋಗದ ಚಿಂತೆಯಿಲ್ಲದೆ ಇತಿಹಾಸವನ್ನು ಬರೆಯುವ ಬಿಡುವನ್ನು ಕೊಟ್ಟಿತು. ಯಾರ ಇತಿಹಾಸವನ್ನು ಹೀಗಳೆದನೋ ಅವರ ಬೊಕ್ಕಸದಿಂದಲೇ ಆತನ ಇತಿಹಾಸಕ್ಕೆ ಮೂಲಧನವು ಒದಗಿತೆಂಬುದನ್ನು ಇಲ್ಲಿ ದಾಖಲೆಗಾಗಿ ಹೇಳಿದ್ದೇವೆ. ಅದರಿಂದ ಆತನ ಗ್ರಂಥದ ಗುಣವು ಹೆಚ್ಚುವುದೂ ಇಲ್ಲ, ಕುಂದುವುದೂ ಇಲ್ಲ.

ತನ್ನ ಗ್ರಂಥವು ತರುಣಿಯರ ಮೇಜಿನ ಮೇಲಿರುವ ಹೊಸ ಕಾದಂಬರಿಯನ್ನು ಕೆಲವು ದಿನಗಳ ಮಟ್ಟಿಗಾದರೂ ತಳ್ಳಿಹಾಕಬೇಕೆಂದು ಮೆಕಾಲೆಯು ೧೮೪೧ರ ಪತ್ರವೊಂದರಲ್ಲಿ ಬಯಸಿದ್ದನು. ೧೮೪೮ರಲ್ಲಿ ಮೊದಲೆರಡು ಸಂಪುಟಗಳೂ ೧೮೫೫ರಲ್ಲಿ ಮುಂದಿನೆರಡೂ ಹೊರಬಂದು ಆ ಬಯಕೆಯು ನೆರವೇರಿತು. ೧೮೫೬ರಲ್ಲಿ ಪ್ರಕಾಶಕರು ಆತನಿಗೆ ಇಪ್ಪತ್ತು ಸಾವಿರ ಪೌಂಡುಗಳ ಚೆಕ್ಕನ್ನು ಕೊಟ್ಟರು. ಆ ಕಥನದ ವೇಗ, ವಾಕ್ಯಗಳ ನಿಲುವು, ಜನರ ವಸತಿ ದಾರಿ ಆಹಾರಗಳನ್ನು ಕುರಿತ ಪ್ರಸಿದ್ಧವಾದ ಮೂರನೆಯ ಅಧ್ಯಾಯ, ಇವು ಈಗಲೂ ಅಭ್ಯಾಸಯೋಗ್ಯವಾಗಿವೆ. ಆದರೆ ಮೇಜಿನ ಮೇಲೆ ಕಾದಂಬರಿಯ ಸ್ಥಾನವನ್ನು ಪಡೆದ ಇತಿಹಾಸಕ್ಕೆ ಕಾದಂಬರಿಯ ಹಾಗೆ ಖಳನೂ ಬೇಕಾದನು. ೧೬೮೫ರ ದಂಗೆಯ ಅನಂತರ ಟಾಂಟನ್ನಿನ ಬಾಲಿಕೆಯರಿಂದ ಬಿಡುಗಡೆಯ ಹಣವನ್ನು ವಸೂಲುಮಾಡುವ ನೀಚಕಾರ್ಯಕ್ಕೆ ವಿಲಿಯಂ ಪೆನ್ ಎಂಬ ಧರ್ಮಿಷ್ಠನು ಕೈಹಾಕಿದನೆಂದು ಮೆಕಾಲೆಯು ಬರೆದನು. ದಾಖಲೆಯಲ್ಲಿದ್ದ ಹೆಸರು ‘ಪೆನ್ನೆ’. ಅದು ಜಾರ್ಜ್ ಪೆನ್ನೆ ಎಂಬ ಬೇರೊಬ್ಬನದೆಂದು ಇತರರು ತೋರಿಸಿದರು. ಮೆಕಾಲೆಯು ಒಪ್ಪಲಿಲ್ಲ, ಮುಂದಿನ ಮುದ್ರಣಗಳಲ್ಲಿಯೂ ಅದನ್ನೇ ಸಮರ್ಥಿಸಿಕೊಂಡನು. ೧೮೬೧ರಲ್ಲಿ ಜಾನ್ ಪೇಜೆಟ್ ಎಂಬವನು ಇಂತಹ ಆಕ್ಷೇಪಗಳನ್ನು ಒಂದು ಗ್ರಂಥವಾಗಿಯೇ ಪ್ರಕಟಿಸಿದನು. ದೊರೆಯು ಸ್ತುತಿಯನ್ನು ಬೇಡಿದಂತೆ ವಾಚಕನು ರಸವನ್ನು ಬೇಡುತ್ತಾನೆ. ದೊರೆಯ ಮುಂದೆ ಲೇಖಕನು ಭೃತ್ಯನಾಗುವ ಭಯವಿದ್ದರೆ, ವಾಚಕಸಮೂಹದ ಮುಂದೆ ನಟನಾಗುವ ಭಯವಿದೆ.

ಈ ಭಯವು ಪರಿಹಾರವಿಲ್ಲದುದೆಂದು ತಿಳಿಯಬಾರದು. ಅಮೆರಿಕದ ಬಾರ್ಬರಾ ಟಕ್‌ಮನ್ (೧೯೧೨–೧೯೮೯) ಎಂಬಾಕೆಯು ಇದಕ್ಕೆ ಸಾಕ್ಷಿ. ೧೯೩೩ರಲ್ಲಿ ಪದವೀಧರೆಯಾದುದನ್ನು ಬಿಟ್ಟರೆ ಆಕೆಗೆ ಇತಿಹಾಸದಲ್ಲಿ ಉನ್ನತವಾದ ಬಿರುದು ಇರಲಿಲ್ಲ. ಧನಿಕರ ಮನೆಯಲ್ಲಿ ಹುಟ್ಟಿದುದು ಆಕೆಗೆ ಅನುಕೂಲವಾಯಿತೆಂಬುದನ್ನು ಮರೆಯಲಾಗದು. ಒಂದನೆಯ ಮಹಾಯುದ್ಧದ ಆದಿಯ ಒಂದು ತಿಂಗಳನ್ನು ವಿಷಯವಾಗಿ ಮಾಡಿಕೊಂಡು ೧೯೬೨ರಲ್ಲಿ ಆಕೆ ಪ್ರಕಟಿಸಿದ ‘ದಿ ಗನ್ಸ್ ಆಫ್ ಆಗಸ್ಟ್’ ಎಂಬ ಗ್ರಂಥಕ್ಕೆ ೧೯೬೩ರ ಪುಲಿಟ್ಜರ್ ಬಹುಮಾನವು ಬಂದಿತು. ಅದರಲ್ಲಿ ಆಂಗ್ಲಸೈನ್ಯವು ಫ್ರಾನ್ಸಿನ ತೀರದಲ್ಲಿಳಿದ ಸಂಜೆಯಲ್ಲಿ ಗುಡುಗಿನ ಸದ್ದಾಯಿತೆಂದೂ ಸೂರ್ಯನು ರಕ್ತವರ್ಣದಲ್ಲಿ ಮುಳುಗಿದನೆಂದೂ ಒಂದು ವರ್ಣನೆ ಇದೆ. ಇದು ಮುಂಬರುವ ಅನರ್ಥವನ್ನು ಸೂಚಿಸಲು ಮಾಡಿದ ಕಲ್ಪನೆಯೆಂದು ಒಬ್ಬ ವಾಚಕನು ಮೆಚ್ಚಿಕೊಂಡಾಗ, ಆ ದಿನ ಅಲ್ಲಿ ಇಳಿದ ಅಧಿಕಾರಿಯೊಬ್ಬನ ಸ್ಮರಣಗ್ರಂಥದಲ್ಲಿ ತಾನು ಅದನ್ನು ಕಂಡೆನೆಂದೂ, ಆಕಾಶದ ಸ್ಥಿತಿಯನ್ನು ಕೂಡ ತಾನು ಕಲ್ಪಿಸುವುದಿಲ್ಲವೆಂದೂ ಆಕೆ ತಿಳಿಸಿರುವಳು. ಆಸ್ಟ್ರಿಯಾ ಸರ್ಬಿಯಾಗಳ ರಣರಂಗವನ್ನು ಗ್ರಂಥದಲ್ಲಿ ಬಿಟ್ಟಿರುವುದನ್ನೂ ಆಕೆಯೇ ಒಪ್ಪಿ ಹೇಳಿರುವಳು. ಯುದ್ಧದ ಬೆಂಕಿ ಹೊತ್ತಿದುದೇ ಆ ಮೂಲೆಯಲ್ಲಾದುದರಿಂದ ಇದು ನ್ಯೂನತೆಯೇ ಸರಿ. ಆದರೂ ಬಚ್ಚಿಟ್ಟ ನ್ಯೂನತೆಯಲ್ಲ. ರಸವೂ ಇದೆ, ಪ್ರಮಾಣವೂ ಇದೆ. ಪ್ರಮಾಣದಿಂದಲೇ ರಸವು ಹುಟ್ಟಿದೆ. ಇದನ್ನೇ ನಾವು ಸುಹೃತ್ಸಂಮಿತವಾದ ಇತಿಹಾಸವೆಂದು ಕರೆಯುವುದು.

೫

ಈಗ ಕನ್ನಡನಾಡಿನ ಸ್ಥಿತಿಯನ್ನು ನೋಡೋಣ. ಹಾವೇರಿಯ ಸೀಮೆಯ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯–೧೯೪೨) ಮೊದಲು ಶಿಕ್ಷಕರಾಗಿದ್ದು, ಆ ವೃತ್ತಿಯನ್ನು ಬಿಟ್ಟು, ಬರವಣಿಗೆಯನ್ನೇ ನಂಬಿದರು. ‘ಸದ್ಬೋಧಚಂದ್ರಿಕೆ’ಯೆಂಬ ಮಾಸಪತ್ರಿಕೆಯನ್ನು ನಡೆಯಿಸಿ, ಐತಿಹಾಸಿಕ ಕಾದಂಬರಿಗಳನ್ನು ಒಂದರ ಮೇಲೊಂದಾಗಿ ಬರೆದು, ಅಚ್ಚಾದ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ವಾಚಕರಿಲ್ಲದ ನಾಡಿನಲ್ಲಿ ವಾಚಕರನ್ನು ಉಂಟುಮಾಡಿದ ಕೀರ್ತಿ ಅವರಿಗೆ ಸಲ್ಲಬೇಕು. ಬಿಲ್ಹಣನು ಆನೆಯೇರಿ ಸಂಚರಿಸಿದ ನಾಡಿನಲ್ಲಿಯೇ ಇವರು ಹೊರೆಹೊತ್ತು ನಡೆದರು. ದೊರೆಯೊಬ್ಬನಿಗೆ ತಲೆಬಾಗಿದವರು ಇವರಲ್ಲ.

ಆದರೆ ವಿಮರ್ಶಕನು ಕೀರ್ತನೆಯಲ್ಲಿಯೇ ನಿಲ್ಲಲಾಗದು. ವಿಜಯನಗರದ ಉದಯವನ್ನು ಕುರಿತ ಅವರ ‘ಮಾಧವಕರುಣಾವಿಲಾಸ’ವು ಕಾದಂಬರಿ, ಅದರಲ್ಲಿ ಕಲ್ಪನೆಗೆ ಅಧಿಕಾರವುಂಟು. ಅದನ್ನೋದಿದ ಅನೇಕರು ಮಾತ್ರ ಇತಿಹಾಸವೆಂದೇ ಸ್ವೀಕರಿಸಿದರು. ವಿದ್ಯಾರಣ್ಯರಿಗೂ ೧೩೩೬ರಲ್ಲಾಯಿತೆನ್ನುವ ವಿಜಯನಗರಸ್ಥಾಪನೆಗೂ ಎಷ್ಟು ಸಂಬಂಧವೆಂಬ ವಿಷಯದಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲ. ೧೯೨೯ರಲ್ಲಿ ಹೆರಾಸ್ ಪಾದ್ರಿಗಳು ಆ ಸಂಪ್ರದಾಯವು ಹಿಂದಿನಿಂದ ಬಂದುದಲ್ಲ, ಆಮೇಲೆ ಹುಟ್ಟಿದುದೆಂದು ವಾದಿಸಿದರು; ಇತರರು ಅದನ್ನು ಖಂಡಿಸಿದರು. ಈ ಚರ್ಚೆಯ ಸುಳಿವೂ ಸಾಮಾನ್ಯವಾಚಕನಿಗೆ ಮುಟ್ಟಲಿಲ್ಲ. ತಪ್ಪು ಕಾದಂಬರಿಕಾರರದಲ್ಲ. ಕಾದಂಬರಿಗೂ ಶಾಸನಸಂಪುಟಕ್ಕೂ ನಡುವೆ ಇರಬೇಕಾಗಿದ್ದ ಗ್ರಂಥ, ಎಂದರೆ ಕಥೆಯಂತೆ ಓದಿಸಿಕೊಂಡು ಆಧಾರವನ್ನೂ ತೋರಿಸುವ ಗ್ರಂಥವು, ಸಾಕಾದಷ್ಟು ಹುಟ್ಟದೆ ಹೋದುದೇ ತಪ್ಪು.

ಆ ನಡುವಿನ ಸ್ಥಳಕ್ಕೆ ಬಂದ ಗ್ರಂಥಗಳಲ್ಲಿ ಆಲೂರ ವೆಂಕಟರಾಯರ (೧೮೮೦–೧೯೬೪) ‘ಕರ್ನಾಟಕ ಗತವೈಭವ’ವು (೧೯೧೭) ಅಗ್ರಗಣ್ಯವಾದುದು. ವಕೀಲಿಯನ್ನು ತೊರೆದು ನಾಡಿನ ಕೆಲಸಕ್ಕೆ ನಿಂತ ಅವರು, ಪರಭಾಷೆಯ ಸಂಶೋಧನಗ್ರಂಥಗಳಲ್ಲಿ ಹುದುಗಿದ್ದ ಚಾಲುಕ್ಯ ರಾಷ್ಟ್ರಕೂಟರ ವೃತ್ತಾಂತಗಳನ್ನು ಕನ್ನಡಿಗರ ಮನೆಗೆ ತಂದರು. ಕನ್ನಡಿಗರಲ್ಲಿ ಅಭಿಮಾನವನ್ನೆಬ್ಬಿಸುವುದೇ ಗ್ರಂಥದ ಉದ್ದೇಶ. ಹೆಸರೇ ಅದನ್ನು ಸಾರುತ್ತದೆ. ೧೯೫೬ರ ಏಕೀಕರಣಕ್ಕೆ ಅದು ಮನಸ್ಸುಗಳನ್ನು ಹದಗೊಳಿಸಿತೆಂಬಲ್ಲಿ ಸಂದೇಹವಿಲ್ಲ. ಆದರೆ ಉದ್ದೇಶವೂ ಒಂದು ಬಗೆಯ ಪ್ರಭುವೇ. ವೈಭವವನ್ನು ಹುಡುಕಲು ಹೊರಟವನಿಗೆ ಕ್ಷಾಮವೂ ಅಣ್ಣತಮ್ಮಂದಿರ ಕಲಹವೂ ಒಕ್ಕಲಿಗನ ತೆರಿಗೆಯೂ ಕಣ್ಣಿಗೆ ಕಡಮೆಯಾಗಿ ಬೀಳುವುವು. ವೆಂಕಟರಾಯರು ಉದ್ದೇಶವನ್ನು ಬಚ್ಚಿಡಲಿಲ್ಲವಾದುದರಿಂದ ವಾಚಕನು ತೂಗಿನೋಡಬಲ್ಲನು. ಆ ಉದ್ದೇಶವು ಈಡೇರಿದ ಮೇಲೆಯೂ ಅದೇ ಧಾಟಿಯಲ್ಲಿ ಬರೆಯುವವರಿಗೆ ಈ ಸಮಾಧಾನವನ್ನು ಹೇಳಲಾಗುವುದಿಲ್ಲ.

೬

ಹಾಗಾದರೆ ಲೇಖಕನು ಮಿತ್ರನಾಗಿ ಉಳಿಯುವ ಬಗೆ ಯಾವುದು? ಪುಟದ ಅಡಿಯಲ್ಲಿ ಟಿಪ್ಪಣಿಗಳನ್ನು ತುಂಬುವುದೊಂದೇ ದಾರಿಯೆಂದು ಕೆಲವರು ಹೇಳುವರು. ಸಾಮಾನ್ಯವಾಚಕನು ಅವುಗಳನ್ನು ದಾಟಿಹೋಗುವನು. ಪ್ರಮಾಣವು ವಾಕ್ಯದಲ್ಲಿಯೇ ಇರಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಬೇಕಾದ ಸಾಧನವು ಕನ್ನಡದ ಕ್ರಿಯಾಪದದಲ್ಲಿಯೇ ಇದೆ.

ಪರಂಪರೆಯಿಂದ ಕೇಳಿಬಂದ ಮಾತಿಗೆ ನಮ್ಮ ದರ್ಶನಕಾರರು ಐತಿಹ್ಯವೆಂದು ಹೆಸರಿಟ್ಟಿರುವರು. ಪೌರಾಣಿಕರು ಇದನ್ನು ಬೇರೆ ಪ್ರಮಾಣವೆಂದೆಣಿಸಿದರು. ನ್ಯಾಯಸೂತ್ರಕಾರನು ಶಬ್ದದಲ್ಲಿಯೇ ಅಡಗಿಸಿದನು. ಹೇಗಾದರೂ ದಾಖಲೆಯಿಂದ ತಿಳಿದುದು, ಊಹೆಯಿಂದ ಸಿದ್ಧವಾದುದು, ಹೇಳಿಕೆಯಿಂದ ಬಂದುದು, ಈ ಮೂರನ್ನು ಬೇರೆಯಾಗಿಡಬೇಕೆಂಬುದು ಸರ್ವಸಮ್ಮತ. ಕನ್ನಡದಲ್ಲಿ ‘ಆಹವಮಲ್ಲನು ೧೦೬೮ರಲ್ಲಿ ತುಂಗಭದ್ರೆಯಲ್ಲಿ ದೇಹವನ್ನು ಬಿಟ್ಟನು’ ಎಂದರೆ ದಾಖಲೆಯಿದೆಯೆಂದಾಯಿತು. ‘ವಿಕ್ರಮನು ಅಣ್ಣನೊಡನೆ ಕಾದಲು ಮೊದಲೇ ಸಿದ್ಧನಾಗಿದ್ದಿರಬೇಕು’ ಎಂದರೆ ಲೇಖಕನ ಅನುಮಾನವೆಂದಾಯಿತು. ‘ಶಿವನು ಕನಸಿನಲ್ಲಿ ಬಂದು ಅಪ್ಪಣೆಮಾಡಿದನಂತೆ’ ಎಂದರೆ ಐತಿಹ್ಯವೆಂದಾಯಿತು. ‘ಬಿಟ್ಟನು’, ‘ಇದ್ದಿರಬೇಕು’, ‘ಮಾಡಿದನಂತ’ ಎಂಬ ಈ ಮೂರು ರೂಪಗಳನ್ನು ಹಳ್ಳಿಯ ಮುದುಕಿಯೂ ಕಥೆ ಹೇಳುವಾಗ ತಪ್ಪದೆ ಬಳಸುವಳು. ಮೊಲವು ಬೇಟೆನಾಯಿಗಳನ್ನಟ್ಟಿದ ಕಥೆಯನ್ನು ‘ಅಂತೆ’ಯೊಡನೆ ಹೇಳಿದರೆ ಅದರ ರಸಕ್ಕೆ ಕುಂದಿಲ್ಲ, ವಾಚಕನಿಗೆ ವಂಚನೆಯೂ ಇಲ್ಲ. ಈಚಿನ ಜನಪ್ರಿಯಗ್ರಂಥಗಳನ್ನು ಸ್ಥಾಲೀಪುಲಾಕನ್ಯಾಯದಿಂದ ಪರೀಕ್ಷಿಸಬೇಕಾದರೆ ಒಂದು ಅಧ್ಯಾಯದಲ್ಲಿ ‘ಇರಬೇಕು’, ‘ಅಂತೆ’ಗಳೆಷ್ಟಿವೆಯೆಂದು ನೋಡಿದರೆ ಸಾಕು. ಒಂದೂ ಇಲ್ಲದಿದ್ದರೆ ಲೇಖಕನು ಎಲ್ಲವನ್ನೂ ಬಲ್ಲವನಾಗಿರಬೇಕು, ಇಲ್ಲವೆ ವಾಚಕನನ್ನು ಮಿತ್ರನೆಂದು ಬಗೆಯದವನಾಗಿರಬೇಕು.

೭

ಇನ್ನು ಜೀವನೋಪಾಯದ ವಿಷಯ. ಮೇಲಿನ ನಿದರ್ಶನಗಳಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಮಂತ್ರಿಯ ಮಗನಾದ ಕಲ್ಹಣ, ಸಂಬಳವನ್ನು ಕೂಡಿಟ್ಟ ಮೆಕಾಲೆ, ಧನಿಕರ ಮಗಳಾದ ಟಕ್‌ಮನ್, ಇವರಿಗೆಲ್ಲ ಬೇರೆ ಆಧಾರವಿದ್ದಿತು. ಗಳಗನಾಥರು ಹೊರೆಯನ್ನು ಹೊರಬೇಕಾಯಿತು. ಆದುದರಿಂದ ಈ ವೃತ್ತಿಗೆ ಬರುವ ತರುಣನು ಇರುವ ಉದ್ಯೋಗವನ್ನು ಮೊದಲ ಗ್ರಂಥದ ಭರವಸೆಯಿಂದ ಬಿಡತಕ್ಕದ್ದಲ್ಲ. ಪತ್ರಿಕೆಗಳಲ್ಲಿ ಬಿಡಿಲೇಖನಗಳಿಂದ ವಾಚಕರನ್ನು ಸಂಪಾದಿಸಿಕೊಂಡು, ತಾನು ಮೂಲವನ್ನೇ ಓದಬಲ್ಲ ಚಿಕ್ಕ ಕ್ಷೇತ್ರವೊಂದನ್ನು ಆರಿಸಿಕೊಳ್ಳಬೇಕು. ರೈಸ್ ಸಾಹೇಬರು ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಹನ್ನೆರಡು ಸಂಪುಟಗಳಲ್ಲಿಯೇ ಒಂದೊಂದು ಸೀಮೆಗೂ ಒಂದೊಂದು ಗ್ರಂಥಕ್ಕಾಗುವಷ್ಟು ಸಾಮಗ್ರಿಯಿದೆ. ವೀರಗಲ್ಲುಗಳು, ಕೆರೆಗಳ ದತ್ತಿಗಳು, ಸಂತೆಯ ಸುಂಕಗಳು, ಇವುಗಳ ಕಥೆಯನ್ನು ಹೇಳಿ ಮುಗಿಸಿದವರು ಯಾರೂ ಇಲ್ಲ. ತನ್ನ ಊರಿನ ಕೆರೆಯ ಇತಿಹಾಸವನ್ನು ಆಧಾರಸಹಿತವಾಗಿ ಬರೆಯಬಲ್ಲವನು ಸಾಮ್ರಾಜ್ಯದ ಇತಿಹಾಸವನ್ನು ಮುಂದೆ ಬರೆಯಬಲ್ಲನು. ಇದಕ್ಕೆ ವಿಪರೀತವಾದ ಕ್ರಮವು ಫಲಿಸುವುದು ಅಪರೂಪ.

ಪ್ರಕಾಶಕರೊಡನೆ ವ್ಯವಹಾರದಲ್ಲಿ ಲೇಖಕರು ತೋರುವ ಔದಾಸೀನ್ಯವೂ ದಾರಿದ್ರ್ಯಕ್ಕೆ ಕಾರಣ. ೧೯೫೭ರ ಗ್ರಂಥಸ್ವಾಮ್ಯದ ಕಾಯಿದೆಯಂತೆ ಲೇಖಕನ ಸ್ವಾಮ್ಯವು ಆತನ ಜೀವಮಾನವೆಲ್ಲ ಇದ್ದು, ಆಮೇಲೆ ಅರುವತ್ತು ವರ್ಷಗಳ ವರೆಗೆ ವಾರಸುದಾರರಿಗೆ ಸಲ್ಲುತ್ತದೆ. ಸ್ವಾಮ್ಯವನ್ನು ವರ್ಗಾಯಿಸುವ ಪತ್ರವು ಬರವಣಿಗೆಯಲ್ಲಿದ್ದು ರುಜುವಾಗಿರಬೇಕು. ಅದರಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷಗಳೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ಕಾಯಿದೆಯೇ ಭಾವಿಸುತ್ತದೆ. ಇಷ್ಟನ್ನು ತಿಳಿಯದೆ ಅಲ್ಪಧನಕ್ಕೆ ಸರ್ವಸ್ವಾಮ್ಯವನ್ನು ಬರೆದುಕೊಟ್ಟವರು ನಮ್ಮಲ್ಲಿ ಕಡಮೆಯಿಲ್ಲ. ಗ್ರಂಥಪರಂಪರೆಯೇ ಅನ್ನವಿಡುವ ಈ ವೃತ್ತಿಯಲ್ಲಿ ಹಳೆಯ ಗ್ರಂಥವನ್ನು ಕಳೆದುಕೊಳ್ಳುವುದೆಂದರೆ ಉಳುವ ಭೂಮಿಯನ್ನು ಕಳೆದುಕೊಂಡಂತೆ.

೮

ಇಷ್ಟು ವಿಚಾರದಿಂದ ನಮಗೆ ತೋರಿದ ಸಿದ್ಧಾಂತವಿದು. ಅನ್ನದಾತನು ದೊರೆಯಾಗಲಿ, ವಾಚಕನಾಗಲಿ, ಸದುದ್ದೇಶವಾಗಲಿ, ತನಗೆ ಬೇಕಾದ ಬಗೆಯ ಸುಳ್ಳೊಂದನ್ನು ಬೇಡಿಯೇ ತೀರುವನು. ಸಂಬಳ ಪಡೆಯುವ ವಿದ್ವಾಂಸನೂ ಇದಕ್ಕೆ ಹೊರತಲ್ಲ; ಆತನಿಂದ ಪದವಿಯು ಬೇಡುವುದು ಮೌನವನ್ನು, ಎಂದರೆ ಸಹೋದ್ಯೋಗಿಗಳಿಗೆ ಮಾತ್ರ ಅರ್ಥವಾಗುವ ಭಾಷೆಯನ್ನು. ಸ್ವತಂತ್ರಲೇಖಕನಿಗೆ ಈ ಬೇಡಿಕೆಯನ್ನು ನಿರಾಕರಿಸಲು ಇರುವ ಬಲವು ಪ್ರಮಾಣವೊಂದೇ. ಅದೇ ಆತನ ಮೂಲಧನವೂ ಹೌದು. ಏಕೆಂದರೆ ರೋಚಕವಾಗಿ ಸುಳ್ಳು ಹೇಳುವವರು ದಿನಕ್ಕೊಬ್ಬರು ಹುಟ್ಟುವರು, ನಂಬಿಕೆಗೆ ಪಾತ್ರನಾದವನ ಎರಡನೆಯ ಗ್ರಂಥಕ್ಕೆ ಮಾತ್ರ ವಾಚಕರು ಕಾದಿರುವರು.

ವಿದ್ವತ್ಸಭೆಗಳಿಗೂ ಇಲ್ಲಿ ಕರ್ತವ್ಯವಿದೆ. ಜನಪ್ರಿಯ ಇತಿಹಾಸಗ್ರಂಥಗಳನ್ನು ನಮ್ಮ ಪತ್ರಿಕೆಗಳು ಇದುವರೆಗೆ ಉಪೇಕ್ಷೆಮಾಡಿ, ತಪ್ಪುಗಳು ಹಬ್ಬಿದ ಮೇಲೆ ನಿಂದಿಸಿವೆ. ಅವುಗಳನ್ನು ಪ್ರಕಟವಾದ ವರ್ಷದಲ್ಲಿಯೇ ವಿಮರ್ಶೆಗೆ ತೆಗೆದುಕೊಂಡು, ಗುಣವನ್ನು ಗುಣವೆಂದೂ ದೋಷವನ್ನು ಪುಟಸಂಖ್ಯೆಯೊಡನೆ ದೋಷವೆಂದೂ ಹೇಳುವುದು ನ್ಯಾಯ. ಪದವಿಯಿಲ್ಲದ ಲೇಖಕನಿಗೆ ಗ್ರಂಥಭಂಡಾರದ ಬಾಗಿಲನ್ನು ತೆರೆಯುವುದೂ, ಆತನು ಕೇಳಿದ ಶಾಸನದ ಪಾಠವನ್ನು ಓದಿ ಹೇಳುವುದೂ ವಿದ್ವಾಂಸನಿಗೆ ಅವಮಾನವಲ್ಲ. ಸುವ್ರತನ ಸಂಗ್ರಹವು ಮೂಲವನ್ನು ನುಂಗಿತೆಂದು ಕಲ್ಹಣನು ದೂರಿದನು; ಆದರೆ ದೂರಿ ಸುಮ್ಮನಾಗಲಿಲ್ಲ, ಅದಕ್ಕಿಂತ ಉತ್ತಮವಾದುದನ್ನು ಜನರು ಓದುವಂತೆ ಬರೆದನು. ಜನಪ್ರಿಯತೆಯನ್ನು ನಿಂದಿಸುವ ವಿದ್ವಾಂಸರು ಆತನ ನಿಂದೆಯನ್ನು ಮಾತ್ರ ಅನುಸರಿಸಿ, ಆತನ ಕಾರ್ಯವನ್ನು ಬಿಟ್ಟಿರುವುದೇ ಈಗಿನ ಕೊರತೆಯಾಗಿದೆ.